ಹುಕ್ಕೇರಿ ಡಾಕ್ಟರರ ಗಾಳಿ ಮೀಟರ್

ಹುಕ್ಕೇರಿ ಡಾಕ್ಟರು ಮೊದಲ ದಿನವೇ ನನ್ನ ಕೈಗೆ ಇಕ್ಕಳದಿಂದ ಹೊಡೆದಿದ್ದರು. ಗಡಹಿಂಗ್ಲಜದ ಆಸ್ಪತ್ರೆಯೊಂದರಲ್ಲಿ ನಾನು ಆಪರೇಷನ್ ಥಿಯೇಟರಿನ ನರ್ಸ್. ಅವರು ಅರಿವಳಿಕೆ ಕೊಡಲು ಕೊಲ್ಹಾಪುರ, ಇಚಲಕರಂಜಿ ಎಂದು ಕರೆದಲ್ಲಿಗೆಲ್ಲ ತಮ್ಮದೇ ಚೀಲ ಹಿಡಿದು ಓಡಾಡುವವರು.

ಅರಿವಳಿಕೆ ಕೊಟ್ಟ ಮೇಲೆ ಗಂಟಲಿಗಿಳಿಸುವ ಉಸಿರಿನ ನಳಿಕೆಯ ತುದಿಗೆ ಗಾಳಿ ತುಂಬುವ ಪಟ್ಟಿಯೊಂದಿರುತ್ತದೆ. ಗಂಟಲೊಳಗೆ ಅದು ಸಡಿಲಾದರೆ ಹೊಟ್ಟೆಯದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಗಿಯಾದರೆ ಒಳಗೋಡೆ ರಕ್ತವಿಲ್ಲದೆ ಕೊಳೆಯುತ್ತದೆ, ದನಿಯೂ ಹೋಗಬಹುದು. ಎಲ್ಲರಂತೆ ನಾನೂ ಆ ಪಟ್ಟಿಗೆ ಜೋಡಿಸಿದ ಹೊರಗಿನ ಪುಟ್ಟ ಬಲೂನನ್ನು ಹಿಸುಕಿ ನೋಡಿ ಸಾಕು ಎಂದಿದ್ದೆ. ಏಟು ಬಿದ್ದದ್ದು ಅದಕ್ಕೆ.

"ಹಿಸುಕಿ ನೋಡೋದು ಬದನಿಕಾಯಿ, ಸಿಸ್ಟರ್. ಇದು ಮನಶ್ಯಾನ ಗಂಟಲಾ."

ಚೀಲದಿಂದ ಗಾಳಿಯ ಒತ್ತಡ ಅಳೆಯುವ ಅಂಗೈಯಗಲದ ಮೀಟರ್ ತೆಗೆದು ಹಚ್ಚಿದರು. ಮುಳ್ಳು ಹಸಿರು ಗೆರೆ ದಾಟಿ ಎಲ್ಲೋ ಹೋಗಿತ್ತು. ಮನಸ್ಸಿನಲ್ಲೇ ಅವರನ್ನು ಚೆನ್ನಾಗಿ ಬೈದೆ, ಆದರೆ ಬೆರಳನ್ನು ಮತ್ತೆ ನಂಬಲಿಲ್ಲ.

ಒಂದು ಮಧ್ಯಾಹ್ನ ಮಾರುತಿಯನ್ನು ತಂದರು. ಕಾಲುವೆ ನೀರಿನ ಪಾಳಿಗಾಗಿ ಹೊಡೆದಾಟವಾಗಿ, ಕಬ್ಬು ಕಡಿಯುವ ಕೊಯ್ತಾದಿಂದ ಅವನ ಹೊಟ್ಟೆ ಸೀಳಿದ್ದರು. ಆಪರೇಷನ್ ನಾಲ್ಕು ತಾಸು ದಾಟಿತು. ಹೊರಗೆ ಅವನು ಸತ್ತನೆಂಬ ಸುದ್ದಿ ಹಬ್ಬಿ ಕಲ್ಲು ಬೀಳತೊಡಗಿದವು. ಕಿಟಕಿಗಳು ಒಡೆದವು, ವಾರ್ಡ್‌ಬಾಯ್ ತಲೆ ಒಡೆಯಿತು. ಕೊನೆಗೆ ಬಾಗಿಲು ಮುರಿದು ಮಾರುತಿಯ ಅಣ್ಣ ಸಿದ್ದು ಕಬ್ಬಿಣದ ಸರಳು ಹಿಡಿದು ನುಗ್ಗಿದ. ಅರಿವಳಿಕೆಯ ಅನಿಲ ಸೇರಿ ನಳಿಕೆಯ ಆ ಪಟ್ಟಿ ಉಬ್ಬುತ್ತಲೇ ಇರುತ್ತದೆ. ಡಾಕ್ಟರು ಆಗಷ್ಟೇ ಮೀಟರಿನ ಗುಂಡಿ ಒತ್ತಿ ಹೆಚ್ಚಿನ ಗಾಳಿ ಇಳಿಸುತ್ತಿದ್ದರು. ಸುಸ್ಸೆಂದಿತು.

"ನನ್ನ ತಮ್ಮನ ಉಸರ ತಗ್ಯಾಕತ್ತಾನ ಇಂವಾ," ಎಂದ ಸಿದ್ದು.

ಸರಳು ಡಾಕ್ಟರರ ಬಲ ಮೊಣಕೈಗೆ ಬಿತ್ತು. ಎಲುಬು ಮುರಿದದ್ದು ನನಗೆ ಕೇಳಿಸಿತು. ಎರಡನೆಯದು ಭುಜಕ್ಕೆ. ಅವರು ಮಾರುತಿಯ ತಲೆಯ ಮೇಲೆ ಬಾಗಿದರೇ ಹೊರತು ಜಾಗ ಬಿಡಲಿಲ್ಲ. ಎಡಗೈಯಲ್ಲಿ ನಳಿಕೆ ಹಿಡಿದೇ ಇದ್ದರು. ಅಷ್ಟರಲ್ಲಿ ಬಂದ ಪೊಲೀಸರು ಸಿದ್ದುವನ್ನು ಕೆಡವಿ ಎಳೆದೊಯ್ದರು. ಮೀಟರ್ ನೀವು ನೋಡ್ರಿ ಎಂದು ಡಾಕ್ಟರು ನನಗೆ ಹೇಳಿದರು. ಅಳುತ್ತಲೇ ನೋಡಿದೆ.

ಮಾರುತಿ ಉಳಿದ. ಡಾಕ್ಟರರ ಬಲಗೈ ಮತ್ತೆ ಮೇಲೇಳಲಿಲ್ಲ, ಕೆಲಸವೂ ಅಲ್ಲಿಗೆ ನಿಂತಿತು. ಕೆಲವು ತಿಂಗಳ ಮೇಲೆ ಮಾರುತಿ ಕಾಲಿಗೆ ಬೀಳಬೇಕೆಂದಾಗ ನಾನೇ ಅವನನ್ನು ಕೊಲ್ಹಾಪುರದ ಅವರ ಮನೆಗೆ ಕರೆದೊಯ್ದೆ. ಜಾಮೀನಿನ ಮೇಲಿದ್ದ ಸಿದ್ದುವೂ ಬಂದು ಗೇಟಿನ ಹೊರಗೆ ನಿಂತ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಡಾಕ್ಟರು ಕಾಲು ಮುಟ್ಟಗೊಡಲಿಲ್ಲ. ಹೊಲದಲ್ಲಿ ನೀರು ಬಂದಾಗ ಕೂಗುವಂತೆ ಒಮ್ಮೆ ಕೂಗು ಎಂದರು. ಮಾರುತಿ ಕೂಗಿದ. ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ಡಾಕ್ಟರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ದನಿ ಭಾಳ ಚೊಲೊ ಉಳದೈತಿ," ಎಂದರು. "ನಿಮ್ಮಣ್ಣ ಮಾತ್ರ ನನ್ನ ಹೊಸ್ತಲಾ ತುಳಿಬಾರದು."

ಎಡಗೈಯಿಂದ ಬಾಗಿಲು ಹಾಕಿಕೊಂಡರು. ಆಮೇಲೆ ನಾನು ಅವರನ್ನು ಕಾಣಲಿಲ್ಲ.