ಏರು ಹತ್ತುವಾಗ ಶಾಂತಕ್ಕ

ಮೊನ್ನೆ ನ್ಯೂಜೆರ್ಸಿಯ ವುಡ್‌ಬ್ರಿಡ್ಜಿನ ಇಂಡಿಯನ್ ಅಂಗಡಿಯಲ್ಲಿ ಹುಣಿಸೆಹಣ್ಣು ಹುಡುಕುತ್ತಿದ್ದಾಗ ಪಕ್ಕದಲ್ಲಿ ಯಾರೋ ನೀಲಗಿರಿ ಎಣ್ಣೆಯ ಶೀಶೆಯೊಂದನ್ನು ಕೈಜಾರಿ ಬೀಳಿಸಿದರು. ಅಂಗಡಿಯವನು ಒರೆಸಲು ಬಟ್ಟೆ ತರಲು ಓಡಿದ, ಉಳಿದವರು ಮೂಗು ಮುಚ್ಚಿಕೊಂಡು ಸರಿದರು. ನಾನು ಮಾತ್ರ ಅಲ್ಲೇ ನಿಂತು ಉಸಿರೆಳೆದುಕೊಂಡೆ. ಅವರಿಗೆಲ್ಲ ಅದು ನೆಗಡಿಯ ಔಷಧ. ನನಗದು ಶಾಂತಕ್ಕನ ಮನೆಯ ವಾಸನೆ.

ಶಾಂತಕ್ಕನನ್ನು ನಿಮಗೆ ಪರಿಚಯ ಮಾಡಿಸಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಇಲ್ಲೇ ಹತ್ತಿರದ ಪಿಸ್ಕಾಟವೇಯಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಪಿಎಚ್.ಡಿ.ಯೇ ನನ್ನನ್ನು ಏನೇನೋ ಮಾಡುತ್ತಿತ್ತು. ಸುತ್ತಮುತ್ತ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಧಾರವಾಡದ ಪಾಟೀಲರದು. ಅವರು ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರ್, ಶಾಂತಕ್ಕ ಅವರ ಹೆಂಡತಿ. ಜೋಳದ ಹಿಟ್ಟು ಸಿಗದ ಕಾಲ. ಶಾಂತಕ್ಕ ಅಮೆರಿಕದ ಮೆಕ್ಕೆಜೋಳದ ಹಿಟ್ಟಿನಲ್ಲೇ ರೊಟ್ಟಿ ತಟ್ಟುತ್ತಿದ್ದರು. ಅದು ಅರ್ಧ ತಟ್ಟೆಯಲ್ಲಿ, ಅರ್ಧ ಮಡಿಲಲ್ಲಿ ಉದುರುತ್ತಿತ್ತು. ಮೈಸೂರಿನವನಾದ ನಾನು ರೊಟ್ಟಿ ಎಂದರೆ ಇದೇ ಇರಬೇಕೆಂದು ತಿಳಿದು ಹೊಗಳಿ ತಿನ್ನುತ್ತಿದ್ದೆ.

ಈ ದೇಶಕ್ಕೆ ಬಂದ ಮರುವರ್ಷ ಅವರಿಗೊಂದು ಮಗು ಹುಟ್ಟಿ, ಉಳಿಯಲಿಲ್ಲ. ಅದನ್ನು ನನಗೆ ಹೇಳಿದವರು ಪಾಟೀಲರು, ಅದೂ ಒಮ್ಮೆ ಮಾತ್ರ. ಮನೆಯೊಳಗೇ ಕೂತುಬಿಟ್ಟಿದ್ದ ಶಾಂತಕ್ಕನಿಗೆ ಡಾಕ್ಟರು ದಿನಾ ನಡೆಯಲು ಹೇಳಿದರಂತೆ. ಸೀರೆಯ ಮೇಲೆ ಗಂಡನ ಕೋಟು, ಕಾಲಿಗೆ ಕ್ಯಾನ್ವಾಸ್ ಬೂಟು ತೊಟ್ಟು ನಡೆಯತೊಡಗಿದರು. ಒಂದು ದಿನ ಬಹಳ ದೂರ ಹೋದ ಮೇಲೆ ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದು ನೆನಪಾಗಿ, ಸೀರೆ ಎತ್ತಿ ಕಟ್ಟಿ, ಮನೆಯವರೆಗೂ ಓಡಿದರು. ದಾರಿಯಲ್ಲಿ ಒಬ್ಬ ಪೊಲೀಸಿನವನು ಕಾರು ನಿಲ್ಲಿಸಿ, ಯಾರಾದರೂ ಬೆನ್ನಟ್ಟಿ ಬರುತ್ತಿದ್ದಾರೆಯೇ ಎಂದು ಕೇಳಿದನಂತೆ. ಇಲ್ಲ, ಬೇಳೆ ಎಂದು ಹೇಳಿ ಮುಂದೆ ಓಡಿದರಂತೆ. ಬೇಳೆ ಹೊತ್ತಿ ಕರಕಲಾಗಿತ್ತು. ಆದರೆ ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಅವರಿಗೆ ಗಾಢ ನಿದ್ದೆ ಬಂತು. ಮರುದಿನ ಒಲೆಯ ಮೇಲೆ ಏನೂ ಇಡದೆಯೇ ಓಡಿದರು.

ಆ ಕಾಲದಲ್ಲಿ ಹೆಂಗಸರು ರಸ್ತೆಯಲ್ಲಿ ಓಡುವುದನ್ನು ಅಮೆರಿಕದವರೇ ಕಣ್ಣರಳಿಸಿ ನೋಡುತ್ತಿದ್ದರು. ಇನ್ನು ನಮ್ಮವರು ಹೇಗೆ ನೋಡಿರಬಹುದೆಂದು ನೀವೇ ಊಹಿಸಿಕೊಳ್ಳಿ. ಶಾಂತಕ್ಕ ಯಾರಿಗೂ ವಿವರಣೆ ಕೊಡಲಿಲ್ಲ. ಗಂಡನ ಪೈಜಾಮಕ್ಕೆ ಪಿನ್ನು ಹಾಕಿಕೊಂಡು, ಬೆಳಗ್ಗೆ ಕಾಲುವೆಯ ದಂಡೆಯ ಮೇಲೆ ಓಡಿ, ಬಂದು ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಅಂಥ ಒಂದು ಬೆಳಗ್ಗೆ ಅವರ ಅಡುಗೆಮನೆಯಲ್ಲಿ ಕೂತು ನಾನು ಊರಿಗೆ ಹೊರಟುಹೋಗುತ್ತೇನೆಂದು ಘೋಷಿಸಿದೆ. ನನ್ನ ಪ್ರಯೋಗದ ನಿರ್ವಾತ ಉಪಕರಣದೊಳಗೆ ಎಲ್ಲಿಂದಲೋ ಗಾಳಿ ಸೋರುತ್ತಿತ್ತು; ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿಬಿಡುತ್ತಿತ್ತು. ಗೈಡ್ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದರು. ಶಾಂತಕ್ಕ ಎಣ್ಣೆ ತಿಕ್ಕುವುದನ್ನು ನಿಲ್ಲಿಸದೆ ಎಲ್ಲ ಕೇಳಿ ಹೇಳಿದರು: "ಏರು ಹತ್ತೂ ಮುಂದ ಏನೂ ಠರಾಯಿಸಬ್ಯಾಡ ತಮ್ಮಾ. ಆವಾಗ ಮಾತಾಡೂದು ನೀ ಅಲ್ಲ, ನಿನ್ನ ಮೊಣಕಾಲು. ಮ್ಯಾಲ ಹೋಗು, ಉಸಿರು ತಿರುಗಲಿ. ಆಮ್ಯಾಲ ಕೇಳ್ಕೊ, ಇರೂದೋ ಬಿಡೂದೋ ಅಂತ."

ಓಡುವವರು ಎಲ್ಲದಕ್ಕೂ ಓಟದ ಮಾತೇ ಹೇಳುತ್ತಾರೆ ಎಂದು ಒಳಗೊಳಗೇ ಮುನಿಸಿಕೊಂಡೆ.

ಆ ಶರತ್ಕಾಲದಲ್ಲಿ ಅವರು ಮ್ಯಾರಥಾನ್‌ಗೆ ಹೆಸರು ಕೊಟ್ಟರು. ಆಗ ನ್ಯೂಯಾರ್ಕಿನ ಮ್ಯಾರಥಾನ್ ಈಗಿನಂತೆ ಊರೆಲ್ಲ ಹಾಯುತ್ತಿರಲಿಲ್ಲ. ಸೆಂಟ್ರಲ್ ಪಾರ್ಕಿನೊಳಗೇ ಸುತ್ತಿನ ಮೇಲೆ ಸುತ್ತು. ಪಾರ್ಕಿನ ಉತ್ತರದ ತುದಿಯಲ್ಲಿ ಒಂದು ಕೆಟ್ಟ ಏರಿದೆ, ಪ್ರತಿ ಸುತ್ತಿಗೂ ಅದನ್ನು ಹತ್ತಬೇಕು. ಅಲ್ಲಿ ನಿಂಬೆಹಣ್ಣಿನ ಪಾನಕ ಹಿಡಿದು ನಿಲ್ಲುವುದು ನನ್ನ ಕೆಲಸ. ಕೊನೆಯ ಸುತ್ತಿನಲ್ಲಿ ಶಾಂತಕ್ಕ ಬಂದಾಗ ಎಡಗಾಲು ಎಳೆಯುತ್ತಿದ್ದರು, ಪಾದ ಉಳುಕಿತ್ತು. "ಸಾಕು ಬಿಡಿ ಅಕ್ಕಾ," ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಕುಂಟುತ್ತಲೇ ಏರು ಮುಗಿಸಿದರು. ಪಾನಕ ಚೆಲ್ಲಿಕೊಳ್ಳುತ್ತ ಹಿಂದೆ ಓಡಿದ ನಾನು ಅವರಿಗಿಂತ ಹೆಚ್ಚು ಏದುತ್ತಿದ್ದೆ. ಇನ್ನು ಇವರನ್ನು ತಡೆಯುವವರಿಲ್ಲ, ಮುಗಿಸಿಯೇ ಮುಗಿಸುತ್ತಾರೆ ಎಂದು ನನ್ನ ಮೈ ಜುಮ್ಮೆನ್ನುತ್ತಿದ್ದಾಗ, ಇಳಿಜಾರು ಕಳೆದು ರಸ್ತೆ ಸಮವಾದಲ್ಲಿ ಅವರು ನಿಂತರು. ಉಸಿರು ತಿರುಗುವವರೆಗೆ ಕಾದರು. ಬಗ್ಗಿ ಪಾದ ಮುಟ್ಟಿ ನೋಡಿಕೊಂಡರು.

"ಇವತ್ತಿಗೆ ಇಷ್ಟ ಸಾಕು. ಕಾಲು ಖರೇನ ಕೆಟ್ಟೈತಿ," ಎಂದರು.

ಅಳಲಿಲ್ಲ, ಹಲುಬಲಿಲ್ಲ. ಹುಲ್ಲಿನ ಮೇಲೆ ಕೂತು, ಪಾಟೀಲರು ತಂದಿದ್ದ ಉಪ್ಪಿನಕಾಯಿ ಸ್ಯಾಂಡ್‌ವಿಚ್ ತಿಂದರು. ವಾಪಸು ಬರುವಾಗ ಕಾರಿನಲ್ಲಿ ಮುಖ ಊದಿಸಿಕೊಂಡು ಕೂತವನು ನಾನು. ಅವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಹಟ ಹಿಡಿದು ಓಡುವವರನ್ನು ನಾನು ಕಂಡಿದ್ದೆ, ಸೋತು ನಿಲ್ಲುವವರನ್ನೂ ಕಂಡಿದ್ದೆ. ತನ್ನ ನೋವಿನೊಡನೆ ಇಷ್ಟು ಸಮಾಧಾನವಾಗಿ ಮಾತಾಡಿ ತೀರ್ಮಾನಕ್ಕೆ ಬಂದವರನ್ನು ಕಂಡದ್ದು ಅದೇ ಮೊದಲು. ಆ ನಿದ್ದೆಯ ಮುಖವನ್ನು ಸ್ವಲ್ಪ ಭಯಭಕ್ತಿಯಿಂದಲೇ ನೋಡುತ್ತ ನ್ಯೂಜೆರ್ಸಿಗೆ ಬಂದೆ.

ಆ ಚಳಿಗಾಲವೆಲ್ಲ ನಾನು ಹೋಗುವ ಮಾತೂ ಆಡಲಿಲ್ಲ, ಇರುವ ಮಾತೂ ಆಡಲಿಲ್ಲ. ಸೋರುವಲ್ಲಿ ಮುಚ್ಚುತ್ತ ಹೋದೆ. ಹಿಮ ಕರಗುವ ಹೊತ್ತಿಗೆ ಒಂದು ಮಧ್ಯಾಹ್ನ ಉಪಕರಣ ಸೋರದೆ ನಿಂತಿತು. ಆಗ ಕೂತು ನನ್ನನ್ನೇ ಕೇಳಿಕೊಂಡೆ. ಇರಬೇಕೆಂದು ಉತ್ತರ ಬಂತು. ಅದು ಅಷ್ಟು ಸುಲಭವಾಗಿ ಬಂದದ್ದು ಕಂಡು ನನಗೇ ನಂಬಿಕೆಯಾಗಲಿಲ್ಲ.

ಮುಂದಿನ ವರ್ಷ ಶಾಂತಕ್ಕ ಮತ್ತೆ ಓಡಿದರು. ಓಟಗಾರರಲ್ಲಿ ಹೆಚ್ಚಿನವರು ಮುಗಿಸಿ, ಬಟ್ಟೆ ಬದಲಿಸಿ ಹೋಗಿಯಾಗಿತ್ತು. ಮರಗಳ ನೆರಳು ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಅದರೊಳಗಿಂದ ಪಿನ್ನು ಹಾಕಿದ ಪೈಜಾಮದ ಒಂದು ಚಿಕ್ಕ ಆಕೃತಿ ಒಂದೇ ಸಮನೆ ಬಂತು. ಮುಖದಲ್ಲಿ ನೋವಿರಲಿಲ್ಲ, ಗೆಲುವೂ ಇರಲಿಲ್ಲ. ದೂರದಲ್ಲಿ ಯಾರೋ ಹಾಡುತ್ತಿರುವುದನ್ನು ಕಿವಿಗೊಟ್ಟು ಕೇಳುವವರ ಮುಖ ಅದು. ಮುಕ್ತಾಯದ ಗೆರೆ ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಓಡುತ್ತಲೇ ಹೋದರು. ಪಾಟೀಲರು ಆಫೀಸಿನ ಬೂಟಿನಲ್ಲೇ ಜೊತೆಗೆ ಓಡಿ, "ಶಾಂತಾ, ಮುಗೀತು," ಎಂದರು. ನಾಲ್ಕು ಜನರೆದುರು ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಶಾಂತಕ್ಕ ನಿಂತರು. ನನಗೆ ಚಪ್ಪಾಳೆ ತಟ್ಟುವುದೂ ಮರೆತುಹೋಗಿತ್ತು.

ಅಂಗಡಿಯಿಂದ ಮನೆಗೆ ಬಂದವನೇ ಶಾಂತಕ್ಕ ಈಗ ಇರುವ ಮನ್ರೋ ಊರಿಗೆ ಫೋನ್ ಮಾಡಿದೆ. ಪಾಟೀಲರು ಹೋಗಿ ಬಹಳ ವರ್ಷಗಳಾದವು. ಶಾಂತಕ್ಕನಿಗೆ ತೊಂಬತ್ತು ಹತ್ತಿರ. ಮೊಣಕಾಲು ಕೈಕೊಟ್ಟಿದೆ. ನಾನು ಹಳೆಯದನ್ನೆಲ್ಲ ತೆಗೆದೆ. ಅವರು ಒಂದೆರಡು ಸಲ ಹೂಂಗುಟ್ಟಿ, ನಡುವೆಯೇ ತಡೆದು, ತಾವೀಗ ಕಮ್ಯೂನಿಟಿ ಪೂಲಿನಲ್ಲಿ ಈಜು ಕಲಿಯುತ್ತಿರುವುದಾಗಿ ಹೇಳಿದರು. ಹುಟ್ಟಿದಾಗಿನಿಂದ ನೀರು ಕಂಡರೆ ಹೆದರಿಕೆಯಂತೆ.

"ಇನ್ನೂ ಮುಖ ಮುಳುಗ್ಸಾಕ ಬರವಲ್ದು," ಎಂದರು. "ಈ ವಾರ ಬಂದೀತು."

ನನಗೂ ಈಜು ಬರುವುದಿಲ್ಲ. ಪೂಲು ಎಷ್ಟು ಗಂಟೆಗೆ ತೆರೆಯುತ್ತದೆಂದು ಕೇಳಿದೆ.