ಮಡ್ಡಿಗೆ ಇಳಿದ ವಿಮಾನ

ಘೋಡಗೇರಿಯ ಇಂದ್ರವ್ವನಿಗೆ ವಿಮಾನದ ಸಪ್ಪಳ ಹೊಸದಲ್ಲ. ಮಹಾಯುದ್ಧದ ಕಾಲದಲ್ಲಿ ಅವಳೂ ಗಂಡ ಲಗಮಪ್ಪನೂ ಬೆಳಗಾವಿ ಬಾಜೂಕಿನ ಸಾಂಬ್ರಾಕ್ಕೆ ಕಲ್ಲು ಒಡೆಯಲು ಹೋಗಿದ್ದರು. ವಿಮಾನ ಇಳಿಯುವ ಹಾದಿ ಸಿದ್ಧವಾದ ಮೇಲೂ ಇಬ್ಬರಿಗೂ ಅಲ್ಲೇ ಕೂಲಿ ಸಿಕ್ಕಿತು. ಹುಲ್ಲು ಕೊಯ್ಯುವುದು, ವಿಮಾನ ಬರುವ ಮುಂಚೆ ದನ, ನಾಯಿಗಳನ್ನು ಓಡಿಸುವುದು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿಯೇ ಇಳಿಯಬೇಕೆಂದು ಅವಳಿಗೆ ಅಲ್ಲಿಯೇ ತಿಳಿದದ್ದು.

ಲಗಮಪ್ಪ ಜ್ವರದಲ್ಲಿ ತೀರಿಕೊಂಡ. ಇಂದ್ರವ್ವ ತವರಿಗೆ ಮರಳಿ ಪರಪ್ಪ ಸಾವುಕಾರರ ಹೊಲದಲ್ಲಿ ದುಡಿಯತೊಡಗಿದಳು. ಹತ್ತು ವರ್ಷ ಕಳೆದರೂ ಆಕಾಶದಲ್ಲಿ ಗುಂಯ್ಯೆಂದರೆ ಅವಳ ಕೈಯ ಕುಡುಗೋಲು ನಿಂತುಬಿಡುತ್ತಿತ್ತು. ಬೆಳ್ಳಿಯ ಚುಕ್ಕೆ ನೀಲಿಯಲ್ಲಿ ಕರಗುವವರೆಗೂ ನೋಡುತ್ತಿದ್ದಳು. ಅಷ್ಟು ಹೊತ್ತು ಲಗಮಪ್ಪ ಮಗ್ಗುಲಲ್ಲೇ ನಿಂತು ತಾನೂ ಮುಖ ಎತ್ತಿದ್ದಾನೆ ಅನಿಸುತ್ತಿತ್ತು. ಸಪ್ಪಳ ಹೋದರೆ ಅವನೂ ಹೋಗುತ್ತಿದ್ದ.

ಐವತ್ತಾರನೆಯ ಇಸವಿಯ ಸುಗ್ಗಿಯಲ್ಲಿ, ಒಂದು ಮಧ್ಯಾಹ್ನ, ಅವಳು ಊರ ಮೇಲಿನ ಮಡ್ಡಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಬಿತ್ತಲು ಬಾರದ, ಗರಸು ಮಣ್ಣಿನ, ಅಂಗೈಯಂಥ ಬಯಲು ಅದು. ಬಿಸಿಲಿಗೆ ದೂರದ ಗುಡ್ಡಗಳು ನೀರಿನಲ್ಲಿ ತೇಲಿದಂತೆ ನಡುಗುತ್ತಿದ್ದವು. ಆಗ ಸಪ್ಪಳ ಬಂತು. ಆದರೆ ಅದು ಕುಂಟುತ್ತಿತ್ತು. ತಲೆಯೆತ್ತಿದಳು. ತೀರ ಕೆಳಗೆ ಬಂದಿದ್ದ ವಿಮಾನದ ಒಂದು ಪಂಖ ತಿರುಗದೆ ಸುಮ್ಮನೆ ನಿಂತಿತ್ತು. ಇನ್ನೊಂದರ ಹಿಂದೆ ಕಪ್ಪು ಹೊಗೆ. ಅದು ಮಡ್ಡಿಯ ಸುತ್ತ ಒಂದು ಸುತ್ತು ಹಾಕಿತು.

ದನ ಕಾಯುತ್ತಿದ್ದ ಸತ್ತೆಪ್ಪ ಓಡತೊಡಗಿದ. ಇಂದ್ರವ್ವ ಕೂಗಿದಳು:

"ಅಣ್ಣಾ, ಓಡಬ್ಯಾಡ! ದನಾ ಹಳ್ಳದ ಕಡೆ ಹೊಡಿ! ಅದು ಇಲ್ಲೇ ಇಳೀತೈತಿ! ಕಡ್ಡಿಪೆಟ್ಟಿಗಿ ಒಗಿ ಇತ್ತ!"

ಅವನು ಎಸೆದ ಕಡ್ಡಿಪೆಟ್ಟಿಗೆಯಿಂದ ಇಂದ್ರವ್ವ ಒಣಹುಲ್ಲಿನ ಹೊರೆಗೆ ಬೆಂಕಿ ಹಚ್ಚಿ, ಮೇಲೆ ಹಸಿ ಸೊಪ್ಪು-ತಪ್ಪಲು ಹಾಕಿದಳು. ದಟ್ಟ ಬಿಳಿ ಹೊಗೆ ಎದ್ದು ಪಡುವಣಕ್ಕೆ ಬಾಗಿತು. ಅಂದರೆ ಗಾಳಿ ಮೂಡಣದ್ದು. ವಿಮಾನ ಪಡುವಣದಿಂದಲೇ ಬರಬೇಕು.

ಅಷ್ಟರಲ್ಲಿ ಪರಪ್ಪ ಸಾವುಕಾರರು ಏದುಸಿರು ಬಿಡುತ್ತ ಹೊಲದಿಂದ ಬಂದರು. "ಏನ ಮಾಡಾಕತ್ತಿ ಇಂದ್ರವ್ವಾ? ಮಡ್ಡಿಗೆಲ್ಲಾ ಬೆಂಕಿ ಹತ್ತೀತು!"

"ಸಾವ್ಕಾರ್ರ, ರುಮಾಲ ಬಿಚ್ಚರಿ."

"ಏನಂದಿ?"

"ನಿಮ್ಮ ರುಮಾಲ್ರೀ! ಬೆಳ್ಳಗ ಕಾಣಬೇಕು. ಎಲ್ಲಿಂದ ಇಳೀಬೇಕಂತ ಅವರಿಗೆ ಗೊತ್ತಾಗಬೇಕ್ರಿ!"

ಊರ ನಾಲ್ಕು ಮಂದಿಯ ಎದುರು ಪರಪ್ಪನವರು ಎಂದೂ ಬರಿದಲೆಯಲ್ಲಿ ನಿಂತವರಲ್ಲ. ಒಮ್ಮೆ ಮೇಲೆ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. ರುಮಾಲು ಬಿಚ್ಚತೊಡಗಿದರು. ಇಬ್ಬರೂ ಸೇರಿ ಮಡ್ಡಿಯ ಪಡುವಣ ಅಂಚಿನಲ್ಲಿ ಆ ಉದ್ದನೆಯ ಅರಿವೆ ಹಾಸಿ, ಅದು ಹಾರದಂತೆ ಕಲ್ಲು ಹೇರಿ, ಬದಿಗೆ ಓಡಿದರು.

ವಿಮಾನ ಅವರ ತಲೆ ಸವರಿಕೊಂಡೇ ಬಂತು. ನೆಲಕ್ಕೆ ತಾಗಿತು, ಪುಟಿಯಿತು, ಮತ್ತೆ ತಾಗಿತು. ಕೆಂಪು ಧೂಳು ಎದ್ದು ಎಲ್ಲವೂ ಮುಚ್ಚಿಹೋಯಿತು. ಆ ಧೂಳಿನೊಳಗೆ ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೇ ಗೊತ್ತಿಲ್ಲ. ಸಪ್ಪಳವೇ ಇರಲಿಲ್ಲ. ಆಮೇಲೆ ಧೂಳು ಮೆಲ್ಲಗೆ ಕುಳಿತಾಗ, ಮಡ್ಡಿಯ ಮೂಡಣ ಅಂಚಿನ ಒಡ್ಡಿನಿಂದ ನಲವತ್ತು ಹೆಜ್ಜೆ ಈಚೆ, ವಿಮಾನ ಸುಸ್ತಾದ ಕೊಕ್ಕರೆಯಂತೆ ನಿಂತಿತ್ತು.

ಬಾಗಿಲು ತೆರೆಯಿತು. ಹದಿನೇಳು ಮಂದಿ ಒಬ್ಬೊಬ್ಬರಾಗಿ ಇಳಿದರು, ಕಡೆಗೆ ಪೈಲಟ್. ಅವನು ಎಲ್ಲರನ್ನೂ ದೂರದ ಬೇವಿನ ಮರದ ಕೆಳಗೆ ಕಳಿಸಿ, ಪಟ್ಟಿ ಹಿಡಿದು ಹೆಸರು ಕೂಗಿ, ಎಲ್ಲರೂ ಇದ್ದಾರೆಂದು ಖಾತ್ರಿ ಮಾಡಿಕೊಂಡ. ಇಂದ್ರವ್ವ ಯಾರೂ ಹೇಳುವ ಮುಂಚೆಯೇ ತನ್ನ ಬೆಂಕಿಯ ಮೇಲೆ ಮಣ್ಣು ಎಳೆದು ಆರಿಸಿದ್ದಳು. ವಿಮಾನದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಇಳಿದವರಲ್ಲಿ ಒಬ್ಬ ಮುದುಕಿ ನೀರು ಕೇಳಿದಳು. ಅಲ್ಲಿದ್ದದ್ದು ಇಂದ್ರವ್ವನ ಕೊಡ ಒಂದೇ. ಅವಳು ಹಿಂದೆ ಸರಿದಳು. "ನಮ್ಮ ಕೊಡ ಐತ್ರಿ ಅದು. ನಾವು ಕೇರಿಯವ್ರು."

ಮುದುಕಿ ಬೊಗಸೆ ಒಡ್ಡಿದಳು. "ಹಾಕ ತಾಯೀ. ಸತ್ತ ಬದುಕಿ ಬಂದೇನಿ."

ಇಂದ್ರವ್ವ ನೀರು ಹಾಕುವಾಗ ಪರಪ್ಪನವರು ಒಂದು ಗಳಿಗೆ ಬೇರೆಡೆ ನೋಡಿದರು. ಆಮೇಲೆ ಘಟಪ್ರಭಾ ಸ್ಟೇಶನ್ನಿಗೆ ಸೈಕಲ್ಲಿನ ಮೇಲೆ ತಮ್ಮನನ್ನು ಓಡಿಸಿ ಸಾಂಬ್ರಾಕ್ಕೆ ತಂತಿ ಕಳಿಸಿದರು. ಸಂಜೆಗೆ ಬೆಳಗಾವಿಯಿಂದ ಜೀಪೂ ಬಸ್ಸೂ ಬಂದವು. ಡಾಕ್ಟರು ಎಲ್ಲರ ಮೈ ಕೈ ನೋಡಿದರು. ಚಹಾ ಕುಡಿಸಿ ಪ್ರಯಾಣಿಕರನ್ನು ಕರೆದೊಯ್ದರು.

ಹೊರಡುವ ಮುಂಚೆ ಪೈಲಟ್ ಮರಾಠಿಯಲ್ಲಿ ಕೇಳಿದ, ಹೊಗೆ ಹಾಕಿದವರು ಯಾರೆಂದು. ಎಲ್ಲರೂ ಇಂದ್ರವ್ವನ ಕಡೆ ತಿರುಗಿದರು. "ಬಾಯೀ, ನಾನು ತಿರುಗಾಮುರುಗಾ ಇಳಿಯುವವನಿದ್ದೆ. ಹೊಗೆ ಕಾಣದಿದ್ದರೆ ಗಾಳಿ ಹಿಂದಿನಿಂದ ತಳ್ಳಿ ವಿಮಾನ ಮಡ್ಡಿಯ ಆಚೆಗೇ ಹೋಗಿ ಬೀಳುತ್ತಿತ್ತು," ಎಂದು ಕೈ ಮುಗಿದ. ಅವಳಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕಂಪನಿಯವರು ಲಾರಿಯಲ್ಲಿ ಹೊಸ ಎಂಜಿನ್ನು ತಂದರು. ಒಂಬತ್ತು ದಿನ ರಿಪೇರಿ ನಡೆಯಿತು. ಅಷ್ಟೂ ದಿನ ಇಂದ್ರವ್ವ ಊರ ಹೆಂಗಸರನ್ನು ಕೂಡಿಸಿಕೊಂಡು ಮಡ್ಡಿಯ ಕಲ್ಲು ಆರಿಸಿದಳು, ತಗ್ಗು ತುಂಬಿದಳು. ವಿಮಾನ ಏರುವ ಹಾದಿ ಹಸನಾಯಿತು. ಹತ್ತನೆಯ ಬೆಳಿಗ್ಗೆ ಪೈಲಟ್ ಮತ್ತೆ ಬಂದು, "ಮೇಲೆ ಕರೆದೊಯ್ಯಲು ಕಾನೂನು ಬಿಡುವುದಿಲ್ಲ. ಒಂದು ಗಳಿಗೆ ಒಳಗೆ ಕೂತು ನೋಡುತ್ತೀಯಾ?" ಎಂದ.

ಕಿಟಕಿಯ ಬಳಿ ಕೂತಳು. ಹೊರಗೆ ಅವಳದೇ ಮಡ್ಡಿ, ಅವಳದೇ ಬೇವಿನ ಮರ. ಆದರೆ ಗಾಜಿನ ಆಚೆ ಎಲ್ಲವೂ ಯಾರೋ ಬಹಳ ಹಿಂದೆ ಹೇಳಿ ಮರೆತ ಕತೆಯಂತೆ ಮಿದುವಾಗಿ, ದೂರವಾಗಿ ಕಂಡಿತು.

"ಮ್ಯಾಲಿಂದ ನಮ್ಮ ಊರು ಹೆಂಗ ಕಾಣತೈತ್ರಿ?"

"ಹೊಳೆಯ ದಂಡೆಗೆ ಯಾರೋ ಹಿಡಿ ಜೋಳ ಚೆಲ್ಲಿದ ಹಾಗೆ," ಎಂದ ಅವನು.

ಅವಳು ಕಣ್ಣು ಮುಚ್ಚಿದಳು. ಅದನ್ನು ನೋಡಿದಳು ಕೂಡ.

ಮಳೆಗಾಲಕ್ಕೆ ಸಾಂಬ್ರಾದಿಂದ ಕಾಗದ ಬಂತು. ಪರಪ್ಪನವರೇ ಓದಿ ಹೇಳಿದರು. "ಖಾಯಂ ನೌಕರಿ ಐತಿ, ಇಂದ್ರವ್ವಾ. ಮೈದಾನ ನೋಡಿಕೊಳ್ಳೋದು. ಹೋಗ್ತೀ?"

"ಹೋಗ್ತೀನ್ರಿ," ಅಂದಳು, ಒಂದು ಕ್ಷಣವೂ ತಡೆಯದೆ.

ಹನ್ನೊಂದು ವರ್ಷ ಅಲ್ಲಿ ದುಡಿದಳು. ಅಷ್ಟರಲ್ಲಿ ಇನ್ನೆರಡು ವಿಮಾನಗಳು ಸಂಕಟದಲ್ಲಿ ಇಳಿದವು. ಗಂಟೆ ಬಾರಿಸಿದೊಡನೆ ಇಂದ್ರವ್ವ ಉಸುಕಿನ ಬಕೀಟು ಹಿಡಿದು, ಬೆಂಕಿ ಆರಿಸುವವರ ಸಾಲಿನಲ್ಲಿ ನಿಂತು ಆಕಾಶ ನೋಡುತ್ತಿದ್ದಳು. ಎರಡೂ ಸಲ ಎಲ್ಲರೂ ತಮ್ಮ ಕಾಲ ಮೇಲೆ ನಡೆದೇ ಬಂದರು.