ಡಾಕ್ಟರರ ಅಳತೆ ತೆಗೆದ ಶಾಮೀದಸಾಬ

ಸತ್ಯನಾರಾಯಣಪೇಟೆಯ ದರ್ಜಿ ಶಾಮೀದಸಾಬ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟನೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಮೂವತ್ತು ವರ್ಷದಿಂದ ನಾನು ಅವನ ಗಿರಾಕಿ. ಅವನ ಬಾಯಿಂದ "ನಾಳಿ ಬರ್ರಿ ಮೇಷ್ಟ್ರ" ಎಂದು ಕೇಳಿದಷ್ಟು ಸಲ ನಾನು ಶಾಲೆಯಲ್ಲಿ ಹಾಜರಿ ಕೂಗಿರಲಿಕ್ಕಿಲ್ಲ.

ಅಂಥವನು ಆ ಸಲ ಹೇಳಿದ ಮಂಗಳವಾರಕ್ಕೆ ಸರಿಯಾಗಿ ಪ್ಯಾಂಟು ಕೈಗಿಟ್ಟ. ಗುಂಡಿಗಳೂ ಇದ್ದವು. ನನ್ನ ಎದೆ ಧಸಕ್ಕೆಂದಿತು.

"ಏನಾತ್ರಿ ಸಾಬ್ರ?"

"ಕೈಯಾಗಿನ ಕೆಲಸ ಮುಗಿಸಿಬಿಡಾಣಂತ್ರಿ. ನಾಳಿ ಅನ್ನೋದು ಯಾರ ಕಂಡಾರ?"

ಅದು ಬಳ್ಳಾರಿಯ ಅದಿರಿನ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ. ಕುರುಗೋಡಿನಲ್ಲಿ ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರು ರಾತ್ರೋರಾತ್ರಿ ಲಾರಿ ಧಣಿಗಳಾಗಿ ಬಿಳಿ ಸಫಾರಿ ಹೊಲಿಸಲು ಇವನ ಅಂಗಡಿಗೆ ಬರುತ್ತಿದ್ದರು. ಮೂರು ತಿಂಗಳಿಗೆ ಸೊಂಟ ಎರಡಿಂಚು ಬಿಚ್ಚಿಸಲು ಮತ್ತೆ ಬರುತ್ತಿದ್ದರು. ಜಿಲ್ಲೆಯ ಅಭಿವೃದ್ಧಿಯೆಲ್ಲ ಶಾಮೀದಸಾಬನ ಅಳತೆ ಪುಸ್ತಕದಲ್ಲಿ ಇಂಚಿನ ಲೆಕ್ಕದಲ್ಲಿತ್ತು. ಬಗ್ಗಿ ಬಗ್ಗಿ ಬಟ್ಟೆ ಕತ್ತರಿಸಿ ಅವನ ಬೆನ್ನು ಹೋಯಿತು. ನೋವಿನ ಮಾತ್ರೆಗಳನ್ನು ಹುರಿಗಡಲೆಯಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಆ ಧಣಿಗಳಲ್ಲೊಬ್ಬರು ತಮ್ಮ ಹುಟ್ಟುಹಬ್ಬಕ್ಕೆ ಬಡವರ ಮೇಲೆ ಕರುಣೆ ಬಂದು ಉಚಿತ ಆರೋಗ್ಯ ಶಿಬಿರ ಇಡಿಸಿದರು. ಅವರ ಕಟೌಟು ಮೂವತ್ತಡಿ, ರೋಗಿಗಳ ಡೇರೆ ಹತ್ತಡಿ. ಪುಕ್ಕಟೆ ಎಂದು ಶಾಮೀದಸಾಬನೂ ರಕ್ತ ಕೊಟ್ಟು ಬಂದ. ಎರಡು ದಿನದ ಮೇಲೆ ಶಿಬಿರದ ನರ್ಸ್ ಜ್ಯೋತಿ ಚೀಟಿ ಕೊಡುತ್ತಾ ದನಿ ತಗ್ಗಿಸಿದಳು: "ಕಾಕಾ, ಕಿಡ್ನಿ ಸ್ವಲ್ಪ ಸೋತೈತಿ. ಈಗಿನ್ನ ಸುರು. ಡಾಕ್ಟರಿಗೆ ಮೂರು ಮಾತು ಕೇಳ್ರಿ. ನನ್ನ ಕಿಡ್ನಿ ನಂಬರ್ ಎಷ್ಟು, ಯಾಕ ಬಂತು, ನೋವಿನ ಮಾತ್ರಿ ತಗೋಬೇಕೋ ಬ್ಯಾಡೋ. ಕೇಳದ ಬರಬ್ಯಾಡ್ರಿ."

ಅವನು ಮೂರನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಅವನ ಅಣ್ಣ ಕುರುಗೋಡಿನಲ್ಲಿ ಕಾಲು ಬಾತು, ಮುಖ ಬಾತು ಸತ್ತಿದ್ದ. ಕೊನೆಯ ವಾರದವರೆಗೂ ಡಾಕ್ಟರು ಹೇಳಿದ್ದು, "ಏನಿಲ್ಲ, ಟೆನ್ಶನ್ ಬ್ಯಾಡ." ಅಣ್ಣನೂ ಪಾಪ, ಟೆನ್ಶನ್ ಮಾಡಿಕೊಳ್ಳದೆಯೇ ಹೋದ. ಶಾಮೀದಸಾಬ ಹೆದರಿದ್ದ; ನನ್ನ ಪ್ಯಾಂಟು ಹೇಳಿದ ದಿನಕ್ಕೆ ಸಿಕ್ಕಿದ್ದು ಅದಕ್ಕೇ.

ಡಾಕ್ಟರ್ ಚನ್ನಬಸವ ಅವರದು ಹೊಸ ಗಾಜಿನ ಆಸ್ಪತ್ರೆ. ಅಲ್ಲಿ ಬೆಂಚಿನ ಮೇಲೆ ಮೂರು ತಾಸು ಕುಳಿತ ಶಾಮೀದಸಾಬನ ಎದುರೇ ಅವನು ಹೊಲಿದ ನಾಲ್ಕು ಸಫಾರಿಗಳು ಸೀದಾ ಒಳಗೆ ಹೋಗಿ ಹೊರಗೆ ಬಂದವು. ಅವನ ಸರದಿಗೆ ಡಾಕ್ಟರರು ತಲೆ ಎತ್ತದೆ ಐದು ಮಾತ್ರೆ ಬರೆದರು. "ಏನಿಲ್ಲ, ಟೆನ್ಶನ್ ಬ್ಯಾಡ. ಆರು ತಿಂಗಳು ಬಿಟ್ಟು ಬಾ." ಎರಡನೆಯ ಸಲ ಹೋದಾಗ "ನನ್ನ ನಂಬರ್..." ಎನ್ನುವಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು, ಇವನು ಹೊರಗಿದ್ದ.

ಮನೆಯಲ್ಲಿ ವೈದ್ಯರಿಗೆ ಬರವಿರಲಿಲ್ಲ. ಹೆಂಡತಿ ಕುಬ್ರಾಬಿ ಉಪ್ಪಿನ ಡಬ್ಬಿ ಬಚ್ಚಿಟ್ಟಳು. ಸಿರುಗುಪ್ಪದ ಬೀಗರು ಕಲ್ಲು ಕರಗಿಸುವ ಬೇರಿನ ಕಷಾಯ ತಂದರು. ಕಲ್ಲೇ ಇಲ್ಲ ಎಂದರೆ, "ಕುಡೀರಿ, ಇದ್ದರ ಕರಗತೈತಿ" ಎಂದರು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಡಾಕ್ಟರರ ಮೈದುನನ ಮದುವೆ ಸಿರುಗುಪ್ಪದಲ್ಲಿ ಗೊತ್ತಾಯಿತು. ಒಳ್ಳೆಯ ಸೂಟು ಕತ್ತರಿಸುವ ಕೈ ಊರಲ್ಲಿ ಇದೊಂದೇ. ಒಂದು ಬೆಳಿಗ್ಗೆ ಅವರ ಕಾರು ಅಂಗಡಿಯ ಮುಂದೆ ನಿಂತಿತು. ನಾನು ಮೂಲೆಯ ಸ್ಟೂಲಿನ ಮೇಲೆ ಪೇಪರು ಓದುತ್ತಿದ್ದೆ. ಆಮೇಲೆ ಓದಲಿಲ್ಲ.

"ಕೈ ಎತ್ರಿ ಸಾರ್," ಎಂದು ಶಾಮೀದಸಾಬ ಟೇಪನ್ನು ಅವರ ಎದೆಗೆ ಸುತ್ತಿ ಹಿಡಿದ. "ನಿಮ್ಮ ಅಳತಿ ನಾ ತಗಂತೀನಿ. ನನ್ನ ಅಳತಿ ಒಂದೀಟು ಹೇಳ್ರಿ. ಕಿಡ್ನಿ ನಂಬರ್ ಎಷ್ಟೈತ್ರಿ?"

"ಅದಕ್ಕೆಲ್ಲ ಆಸ್ಪತ್ರೆಗೆ ಬಾ."

"ಎರಡ್ ಸಲ ಬಂದಿದ್ನ್ರಿ. ಅಲುಗಬ್ಯಾಡ್ರಿ, ಎದಿ ಅಳತಿ ತಪ್ಪಿದ್ರ ಕೋಟು ಕೆಡತೈತಿ. ಅಳತಿ ಗೊತ್ತಿಲ್ದ ನಾ ಯಾರ ಬಟ್ಟಿಗೂ ಕತ್ರಿ ಹಾಕಂಗಿಲ್ರಿ. ನನ್ನ ಮೈಗೆ ನೀವು ಹ್ಯಾಂಗ ಹಾಕೀರಿ?"

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಡಾಕ್ಟರರ ಕೈಗಳು ಮೇಲಿದ್ದವು. ಅದು ಬಡಿದು ಬಡಿದು ಸುಮ್ಮನಾಯಿತು. ವಿಧಿಯಿಲ್ಲದೆ ಅವರು ಶಾಮೀದಸಾಬ ಮುಖದ ಮುಂದೆ ಹಿಡಿದ ರಿಪೋರ್ಟನ್ನೂ ಮಾತ್ರೆ ಚೀಟಿಯನ್ನೂ ಓದಿದರು. ಓದಿದವರು ಸಿಡಿಮಿಡಿಗೊಂಡರು.

"ಕ್ರಿಯಾಟಿನಿನ್ ಒಂದು ಪಾಯಿಂಟ್ ನಾಲ್ಕು ಐತಿ. ಇದಕ್ಕ ಈ ನೋವಿನ ಮಾತ್ರಿ ಬರದ ಪುಣ್ಯಾತ್ಮ ಯಾರು?"

ಶಾಮೀದಸಾಬ ಚೀಟಿಯ ಮೇಲ್ತುದಿಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟ.

ಡಾಕ್ಟರರು ತಮ್ಮದೇ ಹೆಸರನ್ನು ಓದಿದರು. ಮೆಲ್ಲಗೆ ಕೈ ಇಳಿಸಿ, ನಾನು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕುಳಿತರು. ಹೇಳಲೇಬೇಕು, ಮನುಷ್ಯ ಕೆಟ್ಟವನಲ್ಲ. ಸೀಮೆಸುಣ್ಣ ಹಚ್ಚಿದ ಕತ್ತರಿಸುವ ಮೇಜಿನ ಮೇಲೆಯೇ ಚೀಟಿ ಇಟ್ಟು ಆ ಮಾತ್ರೆಯ ಹೆಸರು ಹೊಡೆದುಹಾಕಿ, "ತಪ್ಪಾತ್ರಿ ಸಾಬ್ರ" ಎಂದರು. ಕಿಡ್ನಿ ನೂರಕ್ಕೆ ಅರವತ್ತರಷ್ಟು ಕೆಲಸ ಮಾಡುತ್ತಿದೆ, ಬಿ.ಪಿ. ಜಾಸ್ತಿ ಇದೆ, ಅದರ ಜೊತೆ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ ಸೇರಿದೆ, ಹೋದದ್ದು ಬರಲಿಕ್ಕಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದು ಬಿಡಿಸಿ ಹೇಳಿದರು. ಮೂರು ತಿಂಗಳಿಗೊಮ್ಮೆ ರಕ್ತ ನೋಡಬೇಕು, ಉಪ್ಪು ಕಡಿಮೆ. ಬೇರಿನ ಕಷಾಯ ಬೀಗರೇ ಕುಡಿಯಲಿ. ಶಾಮೀದಸಾಬ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡ, ಗಿರಾಕಿಯ ಹೆಸರಿನ ಜಾಗದಲ್ಲಿ ತನ್ನ ಹೆಸರು ಹಾಕಿ. ಸೂಟು ಮದುವೆಗೆ ಸರಿಯಾಗಿ ಸಿಕ್ಕಿತು.

ಆರು ತಿಂಗಳಾಯಿತು. ಧಣಿಗಳ ಸೊಂಟ ಮತ್ತೆರಡು ಇಂಚು ಏರಿತ್ತು. ಶಾಮೀದಸಾಬನ ಪುಟದಲ್ಲಿ ಮಾತ್ರ ಮೂರು ಸಲವೂ ಒಂದು ಪಾಯಿಂಟ್ ನಾಲ್ಕೇ. ಹಬ್ಬಕ್ಕೆಂದು ಕೊಟ್ಟ ನನ್ನ ಅಂಗಿ ಕೇಳಲು ಹೋದೆ. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರಲಿಲ್ಲ. ಅವನು ತಲೆಯನ್ನೂ ಎತ್ತದೆ ಹೇಳಿದ:

"ನಾಳಿ ಬರ್ರಿ ಮೇಷ್ಟ್ರ."

ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಹಳೆಯ ಅಂಗಿಯಲ್ಲೇ ಹಬ್ಬ ಮಾಡಿದೆ.